ಸಕಾರ ಕೆಡದ ಹಾಗೆ

ಹಳೆಯ ಕಪ್ಪು-ಬಿಳುಪು ಸಿನಿಮಾದ 35 ಮಿ.ಮೀ. ಫಿಲ್ಮಿನ ತುಂಡು ಕೈಗೆ ಸಿಕ್ಕರೆ ನನ್ನ ಕಣ್ಣು ಮೊದಲು ಹೋಗುವುದು ನಾಯಕಿಯ ಮುಖದ ಕಡೆಗಲ್ಲ. ಚಿತ್ರಕ್ಕೂ ಅಂಚಿನ ತೂತುಗಳಿಗೂ ನಡುವೆ, ಸುಮಾರು ಎರಡೂವರೆ ಮಿಲಿಮೀಟರ್ ಜಾಗದಲ್ಲಿ ಓಡುವ ಧ್ವನಿಪಟ್ಟಿಯ ಕಡೆಗೆ. ಭೂತಗನ್ನಡಿ ಹಿಡಿದು, ದೀಪದೆದುರು ಅದನ್ನು ಓದುತ್ತ ಕೂರುವುದು ನನ್ನ ಹಳೆಯ ಹುಚ್ಚು. ‘ಆ’ ಎಂದು ಎಳೆದ ದನಿ ದಪ್ಪ ಅಲೆಗಳಾಗಿ ಸಾಗುತ್ತದೆ. ‘ಸ’, ‘ಶ’ ಬಂದಲ್ಲಿ ಅಂಚು ಗರಗಸದ ಹಲ್ಲಿನಷ್ಟು ಸಣ್ಣಗೆ ಕೊರೆದಿರುತ್ತದೆ.

ಇದನ್ನು ಬರೆದ ಯಂತ್ರಗಳಲ್ಲಿ ಎರಡು ಪಂಥ. ಬೆಲ್ ದೂರವಾಣಿ ಬಳಗದ ಎಡ್ವರ್ಡ್ ವೆಂಟೆ 1920ರ ದಶಕದಲ್ಲಿ ರೂಪಿಸಿದ ಲೈಟ್ ವಾಲ್ವ್‌ನಲ್ಲಿ ಡ್ಯುರಾಲುಮಿನ್ ಎಂಬ ಮಿಶ್ರಲೋಹದ ತೆಳು ಪಟ್ಟಿಗಳನ್ನು ಅಯಸ್ಕಾಂತದ ನಡುವೆ ಬಿಗಿದಿರುತ್ತಿದ್ದರು. ಮೈಕಿನ ದನಿ ವಿದ್ಯುತ್ತಾಗಿ ಹರಿದಂತೆ ಅವುಗಳ ನಡುವಿನ ಸಂದು ಹಿಗ್ಗುತ್ತ ಕುಗ್ಗುತ್ತ, ಫಿಲ್ಮಿನ ಮೇಲೆ ದಟ್ಟ-ತೆಳು ಗೆರೆಗಳನ್ನು ಮೂಡಿಸುತ್ತಿತ್ತು. ಆರ್‌ಸಿಎ ಕಂಪನಿಯವರದು ಇನ್ನೊಂದು ದಾರಿ. ಪುಟ್ಟ ಕನ್ನಡಿಯೊಂದನ್ನು ನಡುಗಿಸಿ, ಬೆಳಕಿನ ಅಗಲವನ್ನೇ ಏರಿಳಿಸುತ್ತಿದ್ದರು. ನಾನು ಕನ್ನಡಿಯ ಪಕ್ಷ. ಅಲೆ ಕಣ್ಣಿಗೆ ಕಾಣುವುದು ಅದರಲ್ಲೇ.

ಸೆಕೆಂಡಿಗೆ 24 ಚೌಕಟ್ಟು ಎಂದರೆ ಫಿಲ್ಮು ಸೆಕೆಂಡಿಗೆ ಸುಮಾರು 456 ಮಿ.ಮೀ. ಓಡುತ್ತದೆ. ಆ ಓಟದಲ್ಲಿ 9000 ಹರ್ಟ್ಸ್‌ನ ಒಂದು ಅಲೆಗೆ ಸಿಗುವ ಜಾಗ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು! ಅಷ್ಟರಲ್ಲಿ ಬರೆಯಬೇಕಾದರೆ ಫಿಲ್ಮು ಕಿಂಚಿತ್ತೂ ಕುಲುಕಬಾರದು. ಚೌಕಟ್ಟಿಗೆ ನಾಲ್ಕು ತೂತು. ಹಲ್ಲುಚಕ್ರ ಎಳೆದರೆ ಸೆಕೆಂಡಿಗೆ 96 ಕುಲುಕು ದನಿಯೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಬೆಳಕು ಬೀಳುವ ಕಡೆ ಹಲ್ಲಿಲ್ಲದ ನುಣ್ಣನೆಯ ಉರುಳೆ, ಅದರ ಬೆನ್ನಿಗೆ ಭಾರದ ಗಾಲಿ.

ಮಾತಿಲ್ಲದ ಹೊತ್ತು ಇನ್ನೊಂದು ತಲೆನೋವು. ನುಡಿಸುವಾಗ ಪಟ್ಟಿಯನ್ನು ಹಾದು ಬರುವ ಬೆಳಕೇ ದನಿಯಾಗುವುದರಿಂದ, ಪಾರದರ್ಶಕ ಭಾಗದ ಮೇಲಿನ ದೂಳು, ಗೀರು ಎಲ್ಲ ‘ಸರ್‌’ ಎಂದು ಕೇಳಿಸುತ್ತವೆ. ಸದ್ದು ಇಳಿದಂತೆ ಆ ಭಾಗವನ್ನೇ ಕಿರಿದಾಗಿಸುವ ಏರ್ಪಾಡು ಬಂತು. ಅದು ಮತ್ತೆ ತೆರೆದುಕೊಳ್ಳುವುದು ತಡವಾದರೆ ಮಾತಿನ ಮೊದಲ ವ್ಯಂಜನ ಕತ್ತರಿಸಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಯಂತ್ರದಾಚೆ, ರಾಸಾಯನಿಕದ ತೊಟ್ಟಿಯಲ್ಲಿ ನಡೆಯುವ ಕೆಲಸ. ಬೆಳಕು ಫಿಲ್ಮಿನ ಲೇಪದೊಳಗೆ ಚದುರುತ್ತದೆ; ಕಪ್ಪು ತನ್ನ ಗಡಿ ದಾಟಿ ಹರಡಿ, ಅಲೆಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಹಾಗಾದಾಗ ಸಕಾರ, ಶಕಾರಗಳು ಒಡೆದು ಕರಕರ ಎನ್ನುತ್ತವೆ. ಆದರೆ ನೆಗೆಟಿವ್‌ನಲ್ಲಿ ಕಪ್ಪಾಗಿದ್ದದ್ದು ಪ್ರಿಂಟಿನಲ್ಲಿ ಬಿಳುಪು. ಪ್ರಿಂಟಿನ ಕಪ್ಪೂ ಹರಡುತ್ತದೆ, ಎದುರು ದಿಕ್ಕಿನಿಂದ. ಎರಡರ ದಟ್ಟತೆಯನ್ನು ಸರಿಯಾಗಿ ಹೊಂದಿಸಿದರೆ ಒಂದರ ದೋಷವನ್ನು ಇನ್ನೊಂದು ತಿಂದುಹಾಕುತ್ತದೆ. ಆ ಹೊಂದಾಣಿಕೆ ಹುಡುಕಲು 1930ರ ದಶಕದಲ್ಲಿ ಆರ್‌ಸಿಎ ಎಂಜಿನಿಯರುಗಳು ಒಂದು ಪರೀಕ್ಷೆ ಕಂಡುಕೊಂಡರು: ಕೀರಲು ಸ್ವರವೊಂದನ್ನು ಸೆಕೆಂಡಿಗೆ 400 ಸಲ ಏರಿಳಿಸಿ ಬರೆಯುವುದು, ಬೇರೆಬೇರೆ ದಟ್ಟತೆಯ ಪ್ರಿಂಟು ತೆಗೆಯುವುದು, ನುಡಿಸಿ ಅಳೆಯುವುದು. ಕಪ್ಪು ಹರಡಿದ್ದರೆ 400 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು ತಾನಾಗಿ ಹುಟ್ಟಿಕೊಂಡಿರುತ್ತದೆ. ಯಾವ ಪ್ರಿಂಟಿನಲ್ಲಿ ಅದು ತೀರ ಕಡಿಮೆಯೋ ಆ ದಟ್ಟತೆಯನ್ನೇ ಲ್ಯಾಬಿನವರು ಇಡೀ ಚಿತ್ರಕ್ಕೆ ಅನುಸರಿಸುತ್ತಿದ್ದರು.