ರಿಂಗ್ ರೋಡಿನವರೆಗಿನ ಕೀರ್ತಿ

ಕೆಲವರ ಕೀರ್ತಿ ದಿಗಂತದವರೆಗೆ ಹಬ್ಬುತ್ತದಂತೆ. ನನ್ನದು ರಿಂಗ್ ರೋಡಿನವರೆಗೆ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು, ಹೋಗಿ ಅಳೆದುಕೊಂಡು ಬಂದದ್ದು. ನಮ್ಮ ಸಮುದಾಯ ಬಾನುಲಿಯಲ್ಲಿ ಭಾನುವಾರ ಬರುವ ಸಂಗೀತದ ಕಾರ್ಯಕ್ರಮ ನನ್ನದು; ಮಾತು ಗುರುವಾರವೇ ಧ್ವನಿಮುದ್ರಣವಾಗಿರುತ್ತದೆ. ಒಂದು ಸಲ ಅದನ್ನೇ ಹಾಕಿಕೊಂಡು ಭಾವಮೈದುನನ ಕಾರಿನಲ್ಲಿ ಮೈಸೂರಿನ ಒಂಟಿಕೊಪ್ಪಲಿನಿಂದ ಹುಣಸೂರು ರಸ್ತೆ ಹಿಡಿದೆವು. ಪಡುವಾರಹಳ್ಳಿ ದಾಟುವಾಗ ನನ್ನ ಧ್ವನಿ ಖಣಖಣ ಅನ್ನುತ್ತಿತ್ತು. ಹಿನಕಲ್ ಬರುತ್ತಿದ್ದಂತೆ ಅದಕ್ಕೆ ನೆಗಡಿ ಹಿಡಿಯಿತು. ಮೇಲ್ಸೇತುವೆ ಇಳಿದು ಇಲವಾಲದ ಕಡೆ ಮುಂದುವರಿದದ್ದೇ ತಡ, ಕಲ್ಯಾಣಿ ರಾಗದ ಬಗ್ಗೆ ನಾನಾಡುತ್ತಿದ್ದ ಅಮೂಲ್ಯ ಮಾತೆಲ್ಲ ಬರೀ ಸೊರಸೊರ. ಭಾವಮೈದುನ ಗುಂಡಿ ತಿರುಗಿಸಿ ಆರಿಸಿದ. "ಭಾವ, ಇಲ್ಲಿಂದಾಚೆಗೆ ನೀವು ಮಾಮೂಲಿ ಮನುಷ್ಯರು" ಅಂದ.

ಅವನ ಕುಹಕ ಇರಲಿ, ಇದರಲ್ಲಿ ಸರ್ಕಾರದ ನಿಯಮದ ಪಾಲೂ ಇದೆ. ಸಮುದಾಯ ಬಾನುಲಿಯ ಪ್ರಸರಣ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ. ಆಂಟೆನಾ 30 ಮೀಟರಿಗಿಂತ ಮೇಲೇಳುವಂತಿಲ್ಲ. ಅಷ್ಟರಲ್ಲಿ ಐದೋ ಹತ್ತೋ ಕಿಲೋಮೀಟರ್ ಹೋದರೆ ಪುಣ್ಯ. ಅದೂ ಎಫ್‌ಎಂ ತರಂಗ ಮಹಾ ನೇರ ಸ್ವಭಾವದ್ದು. ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುವ ಲೌಕಿಕ ಅದಕ್ಕೆ ಗೊತ್ತಿಲ್ಲ. ಖಾಲಿ ಸೈಟಿನಲ್ಲಿ ಒಂದು ಅಪಾರ್ಟ್‌ಮೆಂಟ್ ಎದ್ದಿತೆಂದರೆ ಅದರ ಬೆನ್ನಿಗಿರುವ ಮನೆಗಳಲ್ಲಿ ನಮ್ಮ ಶ್ರೋತೃಗಳು ಖೋತಾ. ಮೈಸೂರಿನಲ್ಲಿ ಹಳೇ ಮನೆ ಕೆಡವಿ ಕಟ್ಟಡ ಎಬ್ಬಿಸುವುದಕ್ಕೆ ನಾನು ವಿರೋಧಿ. ಪರಂಪರೆಯ ಕಾಳಜಿ ಅಂತ ಜನ ತಿಳಿದುಕೊಂಡಿದ್ದಾರೆ. ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ನಮ್ಮಂಥವರ ಬಾಯಿಗೆ ಮೈಕು ಸಿಕ್ಕಿದ್ದು ಕ್ರಿಕೆಟ್ಟಿನ ದಯೆಯಿಂದ. ಹೀರೋ ಕಪ್ ಪಂದ್ಯಗಳನ್ನು ಟೀವಿಯಲ್ಲಿ ತೋರಿಸುವ ಹಕ್ಕು ಯಾರದು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ಜಗಳ ಹತ್ತಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ, 1995ರಲ್ಲಿ ನ್ಯಾಯಾಲಯ ಬಾನಿನ ತರಂಗಗಳು ಸಾರ್ವಜನಿಕರ ಸ್ವತ್ತು ಅಂದುಬಿಟ್ಟಿತು. ಸ್ವತ್ತು ನಮ್ಮದೇ ಆದರೂ ಖಾತೆ ಮಾಡಿಸಿಕೊಳ್ಳಲು ಎಷ್ಟು ಅಲೆಯಬೇಕು ಅನ್ನುವುದು ಪಾಲಿಕೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ. ಅಷ್ಟರವರೆಗೆ ಕಾಯಲೊಲ್ಲದ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಬೇರೆ ದಾರಿ ಹಿಡಿದಿದ್ದರು. ಗಾಳಿಗೆ ಬಿಡಲು ಪರವಾನಗಿ ಇಲ್ಲ ತಾನೇ, ಟೀವಿ ಕೇಬಲ್ಲಿನೊಳಗೆ ಬಿಟ್ಟರೆ? ಹಾಗೆ ಮನೆಮನೆಗೆ ಹರಿದದ್ದು 'ನಮ್ಮ ಧ್ವನಿ'. ತೆಲಂಗಾಣದಲ್ಲಿ ದಲಿತ ಹೆಣ್ಣುಮಕ್ಕಳು ನಡೆಸುವ ಸಂಘಂ ರೇಡಿಯೋ 2008ರಿಂದ ಕೇಳಿಬರುತ್ತಿದೆ. ಇವರ ಸಾಹಸದ ಮುಂದೆ ಪಿಂಚಣಿ ಎಣಿಸುತ್ತ ಕಾಫಿ ಕುಡಿಯಲು ನಿಲಯಕ್ಕೆ ಹೋಗುವ ನನ್ನದು ಏನೇನೂ ಅಲ್ಲ. ಕಾಫಿ ಮಾತ್ರ ಚೆನ್ನಾಗಿರುತ್ತದೆ.

ಹಾಗಂತ ಬಾನುಲಿಯ ವಿಷಯದಲ್ಲಿ ನಮ್ಮ ಬಡಾವಣೆ ಯಾರ ಮುಂದೂ ತಲೆ ತಗ್ಗಿಸಬೇಕಾಗಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಇದೇ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದ 30 ವ್ಯಾಟಿನ ಪುಟ್ಟ ಯಂತ್ರ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ದೆಹಲಿಯಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಿನ್ನೂ ಹುಟ್ಟಿರಲಿಲ್ಲ, ಅದು ಮರುವರ್ಷದ ಮಾತು. ಸ್ವಂತ ಮನೆ, ಸ್ವಂತ ಯಂತ್ರ, ಕೇಳುವವರು ಆಚೀಚೆ ಬೀದಿಯವರು. ಸಮುದಾಯ ಬಾನುಲಿ ಅಂದರೆ ಇನ್ನೇನು? ವ್ಯಾಟಿನ ಲೆಕ್ಕದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ. ಉಳಿದ ಲೆಕ್ಕ ಬೇಡ. ಮುಂದೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರದ ಪಾಲಾಯಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿನಲ್ಲಿ ಹುಟ್ಟಿದ್ದೆಲ್ಲ ಬೆಂಗಳೂರಿಗೆ ಹೋಗುತ್ತದೆ, ನಮ್ಮ ಮಕ್ಕಳ ಸಮೇತ. ಆದರೆ ಮಕ್ಕಳ ಹಾಗಲ್ಲ, ಬಾನುಲಿ ತಿರುಗಿ ಬಂತು, ಈಗ ಯಾದವಗಿರಿಯಲ್ಲಿದೆ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಆ ಗೇಟಿನ ಮುಂದೆ ನನ್ನ ನಡಿಗೆ ತಾನಾಗಿ ತುಸು ಗತ್ತಿನದಾಗುತ್ತದೆ. ಸಹೋದ್ಯೋಗಿಯ ನಡಿಗೆ.

ಸಂಗೀತದ ಹುಚ್ಚು ನನಗೆ ಹಿಡಿದದ್ದೂ ರೇಡಿಯೋದಿಂದಲೇ. ಹಾಡಲು ಬರುವುದಿಲ್ಲ. ನುಡಿಸಲು ಬರುವುದಿಲ್ಲ. ಕೇಳಲು ಮಾತ್ರ ಅಸಾಧ್ಯ ಬರುತ್ತದೆ. ನಮ್ಮ ತಂದೆಯ ಕಾಲದ ವಾಲ್ವ್ ರೇಡಿಯೋ ಹಾಕಿದರೆ ಕೂಡಲೇ ಮಾತಾಡುತ್ತಿರಲಿಲ್ಲ. ಮೊದಲು ಹಸಿರು ಕಣ್ಣು ಬಿಡಬೇಕು, ಬೆಚ್ಚಗಾಗಬೇಕು, ಒಂದು ಸಲ ಗುಂಯ್ ಅನ್ನಬೇಕು. ಆ ಹೊತ್ತಿಗೆ ಕಛೇರಿಯಲ್ಲಿ ವರ್ಣ ಮುಗಿದಿರುತ್ತಿತ್ತು. ರೇಡಿಯೋ ಕೇಳಲು ಲೈಸೆನ್ಸ್ ಬೇಕಿದ್ದ ಕಾಲ ಅದು. ಪೋಸ್ಟಾಫೀಸಿಗೆ ವರ್ಷಾವರ್ಷ ದುಡ್ಡು ಕಟ್ಟಿ ಪುಸ್ತಕದಲ್ಲಿ ಮೊಹರು ಹಾಕಿಸಬೇಕು. ದುಡ್ಡು ಕಟ್ಟಿದ್ದಕ್ಕೋ ಏನೋ, ಜನ ಕೈಕಟ್ಟಿ ಕೂತು ಕೇಳುತ್ತಿದ್ದರು.

ಆಮೇಲೆ ಕ್ಯಾಸೆಟ್ಟಿನ ಯುಗ. ಟೇಪ್‌ರೆಕಾರ್ಡರನ್ನು ರೇಡಿಯೋದ ಮುಂದಿಟ್ಟು, ಮನೆಯವರೆಲ್ಲ ಉಸಿರು ಬಿಗಿಹಿಡಿದು, ಕಛೇರಿಯನ್ನು ಗಾಳಿಯಿಂದ ಹಿಡಿಯುತ್ತಿದ್ದೆವು. ಉಸಿರು ಹಿಡಿಯಬಹುದು, ಪಕ್ಕದ ಮನೆಯನ್ನು ಹಿಡಿಯಲಾಗುತ್ತದೆಯೇ? ನನ್ನ ಸಂಗ್ರಹದಲ್ಲಿರುವ ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಆಲಾಪನೆ ಮೇಲಿನ ಷಡ್ಜ ಮುಟ್ಟುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ. ತಾನದ ನಡುವೆ ಒಬ್ಬಾಕೆ "ಲೋ, ಹಾಲು ಉಕ್ತಿದೆ ಕಣೋ" ಅನ್ನುತ್ತಾಳೆ. ಆಕೆ ತೀರಿಹೋಗಿ ಬಹಳ ವರ್ಷವಾಯಿತು, ಆ ಮನೆಯೂ ಈಗಿಲ್ಲ. ಅದೇ ಮಹನೀಯರ ವಾದನ ಈಗ ಫೋನಿನಲ್ಲಿ ಶುಭ್ರವಾಗಿ ಸಿಗುತ್ತದೆ. ಕೇಳುತ್ತೇನೆ. ಮೇಲಿನ ಷಡ್ಜ ಬಂದಾಗ ಕಿವಿ ಕುಕ್ಕರಿಗಾಗಿ ಕಾಯುತ್ತದೆ. ಇದನ್ನು ಶಾಸ್ತ್ರಜ್ಞರ ಮುಂದೆ ಹೇಳಿಕೊಳ್ಳುವ ಹಾಗಿಲ್ಲ, ಓದುಗರ ಮುಂದೆ ಹೇಳಬಹುದು.

ನಿಲಯದ ಸ್ಟುಡಿಯೋ ಇದಕ್ಕೆ ತದ್ವಿರುದ್ಧ. ಗೋಡೆಗೆಲ್ಲ ಸ್ಪಂಜು ಬಡಿದು, ಎರಡೆರಡು ಬಾಗಿಲು ಹಾಕಿ, ಫ್ಯಾನೂ ಆರಿಸಿ ಕೂತರೆ ನಮ್ಮ ಹೊಟ್ಟೆಯೊಳಗಿನ ಉಪ್ಪಿಟ್ಟಿನ ಸದ್ದು ನಮಗೇ ಕೇಳುತ್ತದೆ. ಅಲ್ಲಿಗೆ ಕರೆತಂದವರಲ್ಲಿ ಅರ್ಧ ಜನ ಹೆದರಿ ಪುಸ್ತಕದ ಕನ್ನಡ ಶುರುಮಾಡುತ್ತಾರೆ. ಬೀದಿಯಲ್ಲಿ "ಏನ್ಸಾರ್ ಊಟ ಆಯ್ತಾ" ಅನ್ನುವ ಹೂವಿನಾಕೆ ಮೈಕಿನ ಮುಂದೆ "ಸಮಸ್ತ ಶ್ರೋತೃ ಬಾಂಧವರಿಗೆ" ಅನ್ನುತ್ತಾಳೆ. ಸಣ್ಣ ಬಾನುಲಿಗಳ ದೊಡ್ಡ ಕಾಯಿಲೆ ದುಡ್ಡಿಲ್ಲದ್ದಲ್ಲ, ಈ ಗಾಂಭೀರ್ಯ. ಕೈ ತೊಳೆಯುವ ವಿಧಾನವನ್ನು ಶ್ರಾದ್ಧದ ಮಂತ್ರದ ಗತ್ತಿನಲ್ಲಿ ಓದಿದರೆ ಯಾರು ಕೈ ತೊಳೆದಾರು? ಅದಕ್ಕೇ ನಾನು ಚಿಕ್ಕ ಧ್ವನಿಮುದ್ರಣ ಯಂತ್ರ ಜೇಬಿಗಿಟ್ಟುಕೊಂಡು ಬೀದಿಗೇ ಹೋಗುತ್ತೇನೆ.

ಬೀದಿಯ ಕಛೇರಿಗೆ ಹೊತ್ತುಗೊತ್ತು ಉಂಟು. ಬೆಳಗಿನ ಜಾವ ದೇವಸ್ಥಾನದಿಂದ ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, ಅದಕ್ಕೆ ಸ್ವಲ್ಪ ಮುಂಚೆ ದೂರದ ಮಸೀದಿಯ ಆಜಾನ್. ಆಮೇಲೆ ಪಾಲಿಕೆಯ ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಬರುತ್ತದೆ. ಆ ಹಾಡು ಕೇಳಿದ್ದೇ ಇಡೀ ಬೀದಿ ಬಕೆಟ್ಟು ಹಿಡಿದು ಎದ್ದು ಹೊರಗೆ ಬರುತ್ತದೆ. ಇಂಥ ಶ್ರೋತೃವೃಂದ ಯಾವ ವಿದ್ವಾಂಸರಿಗೂ ಸಿಕ್ಕಿಲ್ಲ. ಸೊಪ್ಪಿನಾಕೆ ದಂಟು, ಮೆಂತ್ಯ, ಸಬ್ಬಸಿಗೆ ಅಂತ ಕೂಗುವಾಗ ಕೊನೆಯ ಅಕ್ಷರವನ್ನು ಪಂಚಮಕ್ಕೆ ಎತ್ತಿ ನಿಲ್ಲಿಸುತ್ತಾಳೆ. ಶ್ರುತಿಪೆಟ್ಟಿಗೆ ಇಟ್ಟು ನೋಡಿದ್ದೇನೆ, ಚಳಿಗಾಲದಲ್ಲಿ ಒಂಚೂರು ಇಳಿಯುತ್ತದೆ, ಅಷ್ಟೆ. ಹಿಂದಿನ ಬೀದಿಯ ಪಾಠದ ಮನೆಯಿಂದ ಸಂಜೆ ಮಾಯಾಮಾಳವಗೌಳದ ಸರಳೆ. ಪುರಂದರದಾಸರು ಹಾಕಿಕೊಟ್ಟ ದಾರಿ ಅದು ಅನ್ನುತ್ತಾರೆ. ಅಲ್ಲೊಂದು ಮಗು ದಾರಿಯಲ್ಲಿ ಧೈವತ ಬಂದ ಕಡೆಯೆಲ್ಲ ಎಡವುತ್ತದೆ. ನಾವೆಲ್ಲ, ಇಡೀ ಕ್ರಾಸಿನವರು, ಆ ಧೈವತದ ಹತ್ತಿರ ಬಂದಾಗ ಕೆಲಸ ನಿಲ್ಲಿಸಿ ಕಾಯುತ್ತೇವೆ. ಇನ್ನು ಗಣೇಶನ ಹಬ್ಬ ಬಂದರೆ ಎಂಟನೇ ಕ್ರಾಸಿನಲ್ಲಿ ರಸ್ತೆಯೇ ಸಭಾಂಗಣ. ವೇದಿಕೆಯ ಮೇಲೆ ಘಟಾನುಘಟಿಗಳು, ಕೆಳಗೆ ಕುರ್ಚಿ, ಕುರ್ಚಿ ಸಿಗದವರಿಗೆ ಕಾಂಪೌಂಡು. ತಿರುಮಕೂಡಲು ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಕಟ್ಟಿದರು. ಮೈಕಿರುವ ಈ ಕಾಲದಲ್ಲಿ ನಮ್ಮ ಹಿಂದಿನ ಸಾಲಿನವರು ಮಾತು ನಿಲ್ಲಿಸಲಿ ಅಂತ ಯಾರು ಏನು ಕಟ್ಟಬೇಕೋ.

ಸಿನಿಮಾ ಹಾಡು ಯಾಕೆ ಹಾಕುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹಾಡಿಗೆ ಒಡೆಯರಿದ್ದಾರೆ, ಒಡೆಯರಿಗೆ ದುಡ್ಡು ಕಟ್ಟಬೇಕು, ನಮ್ಮಲ್ಲಿ ಕಾಫಿಪುಡಿಗೇ ಲೆಕ್ಕ ಬರೆಯುತ್ತೇವೆ. ಸುದ್ದಿಯನ್ನೂ ನಾವೇ ತಯಾರಿಸಿ ಹೇಳುವಂತಿಲ್ಲ, ಬೇಕಿದ್ದರೆ ಆಕಾಶವಾಣಿಯದನ್ನು ಹಾಗೇ ಕೊಡಬೇಕು. ಹಾಗಾಗಿ ಉಳಿದದ್ದು ಊರಿನವರ ಬಾಯಿ. ಹುಡುಕಿದರೆ ಸಿಗುತ್ತಾರೆ ಸ್ವಾಮಿ! ಸೋಬಾನೆ ಹೇಳುವ ಹಿಟ್ಟಿನ ಗಿರಣಿಯವರ ತಾಯಿ. ಓಲಗ ಊದಿಕೊಂಡು ಬರುವ ಕೋಲೆಬಸವನವರು. ಅವರ ಓಲಗಕ್ಕಿಂತ ಬಸವನ ಕೊರಳಗೆಜ್ಜೆ ಚೆನ್ನಾಗಿ ಬಂದಿತ್ತು, ಎರಡನ್ನೂ ಹಾಕಿದೆವು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಂತೂ ಭಜನಾ ಮಂಡಳಿಯ ಹಾರ್ಮೋನಿಯಂ ಹೊತ್ತುಕೊಂಡು ಬಂದರು. ಕಣ್ಣಲ್ಲಿ ನೀರಿತ್ತು. ಹಾರ್ಮೋನಿಯಂ ನಮ್ಮ ಗಮಕಕ್ಕೆ ಬಾಗುವುದಿಲ್ಲ ಅಂತ ಆಲ್ ಇಂಡಿಯಾ ರೇಡಿಯೋದವರು 1940ರಲ್ಲಿ ಅದನ್ನು ಬಾಗಿಲಾಚೆ ಇಟ್ಟಿದ್ದರು. 1971ರವರೆಗೆ ಒಳಗೆ ಬಿಡಲಿಲ್ಲ. ಇವರ ತಂದೆ ಆ ಕಾಲದ ಹಾರ್ಮೋನಿಯಂ ಮೇಷ್ಟರು. ಮಗ ಕೂತು ನುಡಿಸಿದರು. ವಾದ್ಯ ಗಮಕಕ್ಕೆ ಬಾಗಲಿಲ್ಲ, ನಿಜ. ನಾವೇ ಸ್ವಲ್ಪ ಬಾಗಿದೆವು.

ಆಕಾಶವಾಣಿಯಲ್ಲಿ ಹಾಡುವವರಿಗೆ ಗ್ರೇಡು ಉಂಟು: ಬಿ, ಬಿ ಹೈ, ಎ, ಎ ಟಾಪ್. ಕಛೇರಿಯ ಕರಪತ್ರದಲ್ಲಿ ಅದು ಹೆಸರಿಗಿಂತ ದಪ್ಪ ಅಕ್ಷರದಲ್ಲಿರುತ್ತದೆ, ಕೆಲವರ ಮನೆಯ ಲಗ್ನಪತ್ರಿಕೆಯಲ್ಲೂ ನೋಡಿದ್ದೇನೆ. ನಮ್ಮಲ್ಲಿ ಪರೀಕ್ಷೆಯಿಲ್ಲ, ಗ್ರೇಡಿಲ್ಲ. ಗ್ರೇಡು ಕೊಡುವ ಕೆಲಸ ಪ್ರಸಾರವಾದ ಮೇಲೆ ಬೀದಿಯಲ್ಲಿ ನಡೆಯುತ್ತದೆ. ದೊಡ್ಡ ರೇಡಿಯೋದವರಿಗೆ ಪತ್ರ ಬರುತ್ತದಂತೆ. ನಮಗೆ ಜನವೇ ಬರುತ್ತಾರೆ. ಸೋಬಾನೆಯ ತಾಯಿ ಹಾಡಿದ ಮಾರನೆಯ ದಿನ ಗಿರಣಿಯ ಮುಂದೆ ಇನ್ನೊಬ್ಬ ಅಜ್ಜಿ ಬಂದು, "ಮೂರನೇ ಸೊಲ್ಲು ನುಂಗ್ಬಿಟ್ಲು, ಅವಳಿಗೆ ಗೊತ್ತೇ ಇಲ್ಲ" ಅಂತ ಅಲ್ಲೇ ಹಾಡಿ ತೋರಿಸಿದರಂತೆ. ಹಾಡಿದ ತಾಯಿ ಒಳಗಿಂದ ಎದ್ದು ಬಂದು ನಾಲ್ಕನೇ ಸೊಲ್ಲು ಹಾಡಿದರಂತೆ. ರಾಗಿ ಬೀಸಿಸಲು ಬಂದವರಿಗೆ ಅವತ್ತು ತಡವಾಯಿತು. ಈ ಎರಡನೇ ಸುತ್ತಿನ ಪ್ರಸಾರವನ್ನು ಮುದ್ರಿಸಿಕೊಳ್ಳಲು ನಾನಲ್ಲಿರಲಿಲ್ಲವಲ್ಲ ಅನ್ನುವ ಸಂಕಟ ಇನ್ನೂ ಇದೆ. ಹತ್ತು ಕಿಲೋಮೀಟರಿನ ರೇಡಿಯೋದ ಸುಖ ಇದು: ಹಾಡಿದವರೂ ಕೇಳಿದವರೂ ಒಂದೇ ತಳ್ಳುಗಾಡಿಯಲ್ಲಿ ಬದನೆಕಾಯಿ ಆರಿಸುತ್ತಾರೆ.

ನನ್ನ ಖಾಯಂ ವಿಮರ್ಶಕ ಮೂಲೆಯ ಇಸ್ತ್ರಿ ಅಂಗಡಿಯವನು. ತಳ್ಳುಗಾಡಿಯ ಮೇಲೆ ತಗಡಿನ ಸೂರು, ಸೂರಿಗೆ ನೇತುಹಾಕಿದ ರೇಡಿಯೋ, ಕೆಳಗೆ ಕೆಂಡದ ಇಸ್ತ್ರಿಪೆಟ್ಟಿಗೆ. ಭಾನುವಾರದ ಕಾರ್ಯಕ್ರಮ ಮಂಗಳವಾರ ಮಧ್ಯಾಹ್ನ ಮರುಪ್ರಸಾರವಾಗುತ್ತದೆ; ಅದನ್ನವನು ತಪ್ಪದೆ ಕೇಳುತ್ತಾನೆ. ಒಂದು ಮಂಗಳವಾರ ನನ್ನ ಪಂಚೆ ಕೊಡುತ್ತ, "ಸಾರ್, ನಿಮ್ ಪ್ರೋಗ್ರಾಂ ಬಗ್ಗೆ ಒಂದ್ ಮಾತು" ಅಂದ. ರಾಗದ ಸಂದೇಹವಿರಬೇಕು ಅಂತ ಹುರುಪಿನಿಂದ ಕೂತೆ. "ಆವತ್ತು ಒಬ್ರು ಯಮ್ಮ ಹಾಡಿದ್ರಲ್ಲ ಸಾರ್, ನಿಧಾನಕ್ಕೆ, ಎಳೆದು ಎಳೆದು..." ಶಹಾನ, ಚೌಕ ಕಾಲ, ಅಂದೆ. "ಅದೇ ಸಾರ್. ಅದ್ ಕೇಳ್ತಾ ಕೈಯೂ ನಿಧಾನ ಆಗೋಯ್ತು. ಯಾರ್ದೋ ಟೆರಿಕಾಟ್ ಪ್ಯಾಂಟು, ಮಂಡಿ ಹತ್ರ ಚುರುಕ್ ಅಂತು. ಮಂಗಳವಾರ ಪ್ಯಾಂಟೇ ಜಾಸ್ತಿ ಬರೋದು. ಸ್ವಲ್ಪ ಫಾಸ್ಟಾಗಿರೋದು ಹಾಕಿ."

ಇಷ್ಟು ಖಚಿತವಾದ ವಿಮರ್ಶೆ ನಾನು ಪತ್ರಿಕೆಗಳಲ್ಲಿ ಓದಿಲ್ಲ. ಮುಂದಿನ ವಾರ ಪಾಠದ ಮನೆಯ ಮೇಡಂ ಹತ್ತಿರ ಹೋಗಿ ಕದನಕುತೂಹಲ ಹಾಡಿಸಿದೆ. ನಮ್ಮ ಮೈಸೂರು ವಾಸುದೇವಾಚಾರ್ಯರ ಗುರುಗಳಾದ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಿಂದ ಪ್ರಸಿದ್ಧಿಗೆ ಬಂದ ರಾಗ, ಕುದುರೆ ಹತ್ತಿಯೇ ಹುಟ್ಟಿದ್ದು. ಮಂಗಳವಾರ ಬೇಕೆಂತಲೇ ಆ ಹೊತ್ತಿಗೆ ಮೂಲೆಗೆ ಹೋಗಿ ನಿಂತೆ. ಕೈ ಸರಸರ ಓಡುತ್ತಿತ್ತು. ಪ್ಯಾಂಟುಗಳು ಒಂದರ ಮೇಲೊಂದು ಬಿದ್ದವು. ಹಾಡು ಮುಗಿದ ಮೇಲೆ ಹೇಗಿತ್ತಪ್ಪಾ ಅಂದೆ. ಇಸ್ತ್ರಿಪೆಟ್ಟಿಗೆಯನ್ನು ಓರೆಯಾಗಿಟ್ಟು ಯೋಚಿಸಿದ.

"ಪ್ಯಾಂಟಿಗೆ ಇದು ಸರಿ ಸಾರ್. ಆದ್ರೆ ಈ ಸಲ ಯಾರೋ ಎರಡು ಕಾಟನ್ ಸೀರೆ ಕೊಟ್ಟವ್ರೆ. ಅದಕ್ಕೆ ಒತ್ತಬೇಕು. ಕೊನೇಲಿ ಆ ಯಮ್ಮಂದೇ ಒಂದ್ ಹಾಕಂಗಿದ್ರೆ ನೋಡಿ."