ಎಲ್ಲರ ಊಟ ಆದ್ಮೇಲೆ

ಫ್ರೆಂಚ್ ಸಿನಿಮಾ, ಅದೂ ಅಡುಗೆ ಮತ್ತು ಪ್ರೀತಿಯ ಕಥೆ ಅಂತ ಪೋಸ್ಟರಿನಲ್ಲಿ ನೋಡಿದಾಗ ನಮ್ಮ ಹಾಸ್ಟೆಲ್‌ನವರು ಬಂದಿದ್ದು ಮುಖ್ಯವಾಗಿ ಬೋಂಡಾ-ಚಹಾಕ್ಕೆ. ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಶನಿವಾರ ಸಂಜೆ ತೋರಿಸಿದ್ದು ‘ದಿ ಟೇಸ್ಟ್ ಆಫ್ ಥಿಂಗ್ಸ್’. ನಿರ್ದೇಶಕ ತ್ರಾನ್ ಆನ್ ಹುಂಗ್ ವಿಯೆಟ್ನಾಮಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದವರು. ಈ ಚಿತ್ರಕ್ಕೆ 2023ರ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಸಿಕ್ಕಿದೆ.

ಕಥೆ 19ನೇ ಶತಮಾನದ ಕೊನೆಯ ಭಾಗದ್ದು. ಹಳ್ಳಿಯ ದೊಡ್ಡ ಮನೆ. ದೊದಾಂ ಅನ್ನೋ ಭೋಜನಪ್ರಿಯ, ಅವನ ಮನೆಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲದಿಂದ ಅಡುಗೆ ಮಾಡ್ತಿರೋ ಯೂಜೆನಿ. ಶುರುವಿನ ಅರ್ಧ ಗಂಟೆ ಬರೀ ಅಡುಗೆ! ಹಿನ್ನೆಲೆ ಸಂಗೀತ ಇಲ್ಲ. ಬೆಣ್ಣೆ ಕರಗೋ ಸದ್ದು, ಸೌಟಿನ ಸದ್ದು, ಹೊರಗೆ ಹಕ್ಕಿಗಳು. ನಮ್ಮ ಹಿಂದಿನ ಸಾಲು ಅಷ್ಟರಲ್ಲೇ ಖಾಲಿಯಾಯ್ತು. ಉಳಿದವರಿಗೆ ಮಾತ್ರ ಹಸಿವು ಜಾಸ್ತಿಯಾಯ್ತು.

ಒಂದು ತಿನಿಸು ನಮ್ಮಂಥವರಿಗೇ ಮಾಡಿದ ಹಾಗಿತ್ತು. ಐಸ್‌ಕ್ರೀಮಿನ ಮೇಲೆ ಮೊಟ್ಟೆಯ ಬಿಳಿಭಾಗವನ್ನು ನೊರೆ ಬರುವಂತೆ ಕಡೆದು ದಪ್ಪಗೆ ಮುಚ್ಚಿ ಬಿಸಿ ಮಾಡ್ತಾರೆ. ಹೊರಗೆ ಕೆಂಪಗಾಗುತ್ತೆ, ಒಳಗೆ ಐಸ್‌ಕ್ರೀಮ್ ಹಾಗೇ ಇರುತ್ತೆ. ನೊರೆಯೊಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಒಳಗೆ ಬೇಗ ಬಿಡೋದಿಲ್ಲ, ಅಷ್ಟೇ ಗುಟ್ಟು. ಥರ್ಮೋಡೈನಮಿಕ್ಸ್ ಮೇಷ್ಟ್ರು ಇದನ್ನೇ ಉದಾಹರಣೆ ಕೊಟ್ಟಿದ್ರೆ ಕ್ಲಾಸಿನಲ್ಲಿ ಯಾರೂ ನಿದ್ದೆ ಮಾಡ್ತಿರಲಿಲ್ಲ.

ಇನ್ನು ಪ್ರೀತಿಯ ವಿಷಯ. ದೊದಾಂ ಎಷ್ಟೋ ಸಲ ಮದುವೆಗೆ ಕೇಳಿದ್ದಾನೆ, ಯೂಜೆನಿ ಒಪ್ಪಿಲ್ಲ. ರಾತ್ರಿ ಅವಳ ಕೋಣೆಯ ಬಾಗಿಲು ತೆರೆದಿರಬೇಕೋ ಬೇಡವೋ ಅನ್ನೋದು ಅವಳ ನಿರ್ಧಾರ. ಅವನ ಗೆಳೆಯರು ಊಟದ ಮೇಜಿಗೆ ನೀನೂ ಬಾ ಅಂತ ಕರೀತಾರೆ. ಅವಳು ಅಡುಗೆಮನೆಯಲ್ಲೇ ಉಳೀತಾಳೆ. ನಾನು ಮಾಡಿದ ಅಡುಗೆಯ ಮೂಲಕವೇ ನಿಮ್ಮ ಜೊತೆ ಮಾತಾಡ್ತೀನಿ ಅನ್ನೋದು ಅವಳ ಉತ್ತರ. ಒಂದು ದಿನ ಅವಳ ಆರೋಗ್ಯ ಕೆಡುತ್ತೆ. ಆಗ ಅವನೇ ಒಲೆ ಮುಂದೆ ನಿಂತು, ಅವಳೊಬ್ಬಳಿಗೋಸ್ಕರ ಅಡುಗೆ ಮಾಡಿ ಬಡಿಸ್ತಾನೆ.

ಸಿನಿಮಾ ಮುಗಿದ ಮೇಲೆ ಚಹಾ ಕುಡೀತಾ ಜಗಳ ಶುರುವಾಯ್ತು. ನಾನು ‘ಎಂಥ ಪ್ರೀತಿ ಮಾರಾಯ್ರೇ’ ಅಂದೆ. ಇ ಅಂಡ್ ಸಿ ಗೆಳತಿಯೊಬ್ಬಳು ಒಪ್ಪಲಿಲ್ಲ. ‘ಬೆವರು ಅವಳದ್ದು, ಹೆಸರು ಅವನದ್ದು. ಇದನ್ನ ಲವ್ ಸ್ಟೋರಿ ಅಂತೀರಲ್ಲ?’ ಅಂದಳು. ಇನ್ನೊಬ್ಬ, ‘ಕರೆದರೂ ಅವಳೇ ಹೋಗಲಿಲ್ವಲ್ಲ’ ಅಂದ. ‘ಕರೆದ್ರಲ್ಲ, ಅಷ್ಟು ಪುಣ್ಯ. ನಿಮ್ಮನೇಲಿ ಯಾರಾದ್ರೂ ಕರೆದಿದ್ದಾರಾ?’ ಅಂತ ಕೇಳಿದಳು. ಬೋಂಡಾ ಕೈಯಲ್ಲಿದ್ದ ಯಾರೂ ಉತ್ತರ ಕೊಡಲಿಲ್ಲ.

ನನಗೆ ನೆನಪಾಗಿದ್ದು ಸಾಗರದ ಹತ್ತಿರದ ನಮ್ಮ ಅಜ್ಜನ ಮನೆ. ಅಜ್ಜಿ ಊಟ ಮಾಡ್ತಿದ್ದಿದ್ದು ಎಲ್ಲರದೂ ಆದ್ಮೇಲೆ, ಅಡುಗೆಮನೆಯಲ್ಲಿ, ಒಬ್ಬರೇ. ಅಜ್ಜಿ ತೀರಿಕೊಂಡ ಮೇಲೆ ಅಜ್ಜ ಒಂದೆಲಗದ ತಂಬುಳಿ ತಿನ್ನೋದನ್ನೇ ಬಿಟ್ಟರು. ದೊಡ್ಡಮ್ಮ ಅದೇ ಹಿತ್ತಲ ಒಂದೆಲಗ, ಅದೇ ಮಜ್ಜಿಗೆ, ಅದೇ ಜೀರಿಗೆ ಹಾಕಿ ಮಾಡಿದ್ರೂ ‘ಇದು ಅವಳದ್ದಲ್ಲ’ ಅಂತ ಬಟ್ಟಲು ಸರಿಸ್ತಿದ್ರು. ಯೂಜೆನಿ ಹೋದ ಮೇಲೆ ದೊದಾಂಗೂ ಬೇರೆ ಅಡುಗೆಯವರ ಕೈರುಚಿ ಬೇಗ ಒಗ್ಗೋದಿಲ್ಲ. ನಮ್ಮ ನೆಂಟರೆಲ್ಲ ಅಜ್ಜನ ಈ ವಿಷಯವನ್ನು ದೊಡ್ಡ ಪ್ರೀತಿಯ ಕಥೆ ಥರ ಹೇಳ್ತಾರೆ. ನಾನೂ ಹಾಗೇ ಕೇಳಿಸಿಕೊಂಡು ಬೆಳೆದವನು.

ಭಾನುವಾರ ಅಮ್ಮನಿಗೆ ಫೋನ್ ಮಾಡಿ ಸಿನಿಮಾ ಕಥೆ ಪೂರ್ತಿ ಹೇಳಿದೆ. ಆಮೇಲೆ ಕೇಳಿದೆ, ‘ಅಜ್ಜಿ ಬದುಕಿದ್ದಾಗ ಅಜ್ಜ ತಂಬುಳಿ ಚೆನ್ನಾಗಿದೆ ಅಂತ ಹೇಳ್ತಿದ್ರಾ?’

ಅಮ್ಮ ಸ್ವಲ್ಪ ಯೋಚಿಸಿ, ‘ಉಪ್ಪು ಕಮ್ಮಿ ಆದ ದಿನ ಹೇಳ್ತಿದ್ರು’ ಅಂದರು.

ಅಜ್ಜನದ್ದು ಪ್ರೀತಿ ಅಲ್ಲ ಅಂತ ನಾನು ಹೇಳಲ್ಲ. ಆ ಖಾಲಿ ಬಾಯಿ ಸುಳ್ಳಲ್ಲ. ಆದರೆ ಆ ಪ್ರೀತಿ ಊರಿಗೆಲ್ಲ ಗೊತ್ತಾಯ್ತು, ಅಜ್ಜಿಗೆ ಮಾತ್ರ ಯಾರೂ ಹೇಳಲಿಲ್ಲ. ದೊದಾಂ ಎಷ್ಟೇ ಶ್ರೀಮಂತನಿರಲಿ, ಗೆಳತಿ ಹೇಳಿದ ಹಾಗೆ ಎಷ್ಟೇ ಹೆಸರು ಹೊಡೆದುಕೊಂಡಿರಲಿ, ಅವಳು ಇರುವಾಗಲೇ ಅವಳನ್ನ ಕೂರಿಸಿ ಬಡಿಸಿದ. ಆ ದೃಶ್ಯದಲ್ಲಿ ಅವನು ಅವಳು ತಿನ್ನೋದನ್ನೇ ನೋಡ್ತಾ ಇರ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಅದಕ್ಕಿಂತ ದೊಡ್ಡ ರೊಮ್ಯಾನ್ಸ್ ಕಾಣಲಿಲ್ಲ.

ಎರಡು ಗಂಟೆಗೂ ಜಾಸ್ತಿ ಇರೋ ಸಿನಿಮಾ, ಹಸಿದುಕೊಂಡು ನೋಡ್ಬೇಡಿ. ದಸರಾ ರಜೆಗೆ ಮನೆಗೆ ಹೋಗ್ತಿದೀನಿ. ದೊಡ್ಡಮ್ಮನ ಹತ್ರ ತಂಬುಳಿ ಮಾಡೋದು ಬರೆಸಿಕೊಂಡಿದೀನಿ. ಜೀರಿಗೆ-ಮೆಣಸು ಹುರಿದು, ಒಂದೆಲಗ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸೋದು. ಅಷ್ಟು ಬೆಂಕಿಯ ಕೆಲಸ ನನಗೂ ಆದೀತು. ಆ ದಿನ ಮೊದಲ ಬಾಳೆಲೆ ಅಮ್ಮಂದು. ಉಪ್ಪು ಕಮ್ಮಿ ಆದ್ರೆ ಅವರೇ ಹೇಳ್ಲಿ.