ಎಷ್ಟು ರಕ್ತ ಹೋಗಿತ್ತು?

ಚಳ್ಳಕೆರೆಯಿಂದ ಮೊಳಕಾಲ್ಮೂರು ಕಡೆಗೆ ಹೊರಟ ಬಸ್ಸು ನಿಮ್ಮನ್ನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಮುಂದೆ ಇಳಿಸಿ ಹೋಗುತ್ತದೆ. ಯಾವ ಊರು, ಯಾವ ಕೇಂದ್ರ ಅನ್ನುವುದು ಬೇಡ. ಯಾರ ಹೆಸರೂ ಹೊರಗೆ ಹೋಗಬಾರದೆಂಬ ಕರಾರಿನ ಮೇಲೆಯೇ ನಿಮ್ಮನ್ನು ಒಳಗೆ ಬಿಟ್ಟುಕೊಂಡಿದ್ದಾರೆ. ಓಪಿಡಿ ಮುಗಿದಿದೆ. ಲಸಿಕೆ ಕೋಣೆಯಲ್ಲಿ ಸ್ಟಾಫ್ ನರ್ಸ್‌ಗಳು, ಉಪಕೇಂದ್ರಗಳ ಎಎನ್‌ಎಂಗಳು ಕೂತಿದ್ದಾರೆ. ಆಶಾ ಕಾರ್ಯಕರ್ತೆಯರಿಬ್ಬರು ಬಾಗಿಲ ಪಕ್ಕದ ಬೆಂಚು ಹಿಡಿದಿದ್ದಾರೆ. ಮೂಲೆಯ ಕುರ್ಚಿ ನಿಮಗೆ.

ಮೇಜಿನ ಮೇಲೆ ಒಂದು ಕೇಸ್‌ಶೀಟ್. ಎರಡನೇ ಹೆರಿಗೆ, ರಾತ್ರಿ ಪಾಳಿ. ಮಗು ಚೆನ್ನಾಗಿ ಅತ್ತಿದೆ, ಮಾಸು ಪೂರ್ತಿ ಬಿದ್ದಿದೆ, ಆಮೇಲೆ ರಕ್ತ ನಿಂತಿಲ್ಲ. ಬಾಣಂತಿಯನ್ನು ಚಿತ್ರದುರ್ಗಕ್ಕೆ ಸಾಗಿಸಿ ಉಳಿಸಿಕೊಂಡಿದ್ದಾರೆ. ಹೋದ ರಕ್ತ 300 ಎಂಎಲ್ ಎಂದು ಬರೆದಿದೆ.

ಹಿರಿಯ ಸಿಸ್ಟರ್ ಅದನ್ನು ಓದಿ ಏನೂ ಹೇಳದೆ ಎದ್ದು, ನೆಲದ ಮೇಲೆ ಹಳೆ ಸೀರೆಯ ತುಂಡು ಹಾಸುತ್ತಾರೆ. ಕುಂಕುಮ ಕದಡಿದ ನೀರನ್ನು ಅದರ ಮೇಲೆ ಸುರಿಯುತ್ತಾರೆ. ಬಟ್ಟೆ ಹೀರಿಕೊಳ್ಳುತ್ತದೆ, ಅಂಚಿನಿಂದ ಒಂದಿಷ್ಟು ಹರಿದು ಮೇಜಿನ ಕಾಲಿನ ಹತ್ತಿರ ನಿಲ್ಲುತ್ತದೆ. "ಎಷ್ಟು? ಎಲ್ಲರೂ ಚೀಟಿ ಬರೀರಿ. ಪಕ್ಕದವರದು ನೋಡ್ಬೇಡಿ." ನಿಮಗೂ ಒಂದು ಚೀಟಿ ಬರುತ್ತದೆ. ನೀವು 300 ಎಂದು ಬರೆಯುತ್ತೀರಿ. ಚೀಟಿಗಳು ಬಿಚ್ಚಿಕೊಳ್ಳುತ್ತವೆ: 250, 300, 400, 350. ಒಂದರಲ್ಲಿ ಮಾತ್ರ 700. ಸುರಿದದ್ದು 600.

ಈ ಪಾಠ ಹೊರದೇಶದಿಂದ ಬಂದದ್ದಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಬಾಣಂತಿಯರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಕಣ್ಣಂದಾಜಿನಿಂದ, ಇನ್ನೊಂದರಲ್ಲಿ ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತ ಲೆಕ್ಕ ಹಾಕಿದ್ದರು. ಕಣ್ಣಿನ ಲೆಕ್ಕ ಶೇ 33ರಷ್ಟು ಕಡಿಮೆ ಬಂದಿತ್ತು. ಅದು ಪ್ರಕಟವಾದ 2006ರಲ್ಲೇ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರ ಅಧ್ಯಯನ ಲ್ಯಾನ್ಸೆಟ್‌ನಲ್ಲಿ ಬಂತು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ವಿಪರೀತ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯುತ್ತದೆ ಎಂದು ಅದು ತೋರಿಸಿತು. ಅಲ್ಲಿ ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು ಈ ಕೋಣೆಯಲ್ಲಿ ಕೂತಿರುವಂಥ ಎಎನ್‌ಎಂಗಳೇ. ಇದನ್ನು ನಮ್ಮ ನರ್ಸಿಂಗ್ ಶಾಲೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಡಬೇಕು.

ಆ ರಾತ್ರಿ ಪಾಳಿಯಲ್ಲಿದ್ದ ಹುಡುಗಿ ಈಗ ಬಾಯಿ ಬಿಡುತ್ತಾಳೆ. "ಸಿಸ್ಟರ್, 500 ದಾಟಿತ್ತು ಅಂತ ನಂಗೆ ಗೊತ್ತಿತ್ತು. ಬರೆದ್ರೆ, ಯಾಕೆ ತಡವಾಗಿ ಕಳಿಸಿದ್ರಿ ಅಂತ ಕೇಳ್ತಾರೆ. ಅದಕ್ಕೇ 300."

ಒಬ್ಬರು ಗದರಲು ಬಾಯಿ ತೆರೆಯುತ್ತಾರೆ. ವೈದ್ಯಾಧಿಕಾರಿ ಕೈ ಎತ್ತಿ ತಡೆಯುತ್ತಾರೆ. "ಈ ಮಾತಿಗೆ ನೋಟಿಸ್ ಇಲ್ಲ. ಮುಂದೆ ಹೇಳಮ್ಮ."

ನನ್ನ ಮಟ್ಟಿಗೆ ಆ ಮಧ್ಯಾಹ್ನದ ಬೆಲೆಯೆಲ್ಲ ಆ ಒಂದು ಮಾತಿನಲ್ಲಿದೆ. ನೋಟಿಸಿಗೆ ಹೆದರಿದ ಕೈ ಕಡಿಮೆ ಅಂಕಿ ಬರೆಯುತ್ತದೆ, ಆ ಅಂಕಿ ನಂಬಿದ ದೊಡ್ಡಾಸ್ಪತ್ರೆಯವರು ರಕ್ತ ತರಿಸಲು ತಡಮಾಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1952ರಿಂದಲೇ ತಾಯಂದಿರ ಸಾವುಗಳನ್ನು ಹೆಸರು ಮುಚ್ಚಿಟ್ಟು ವಿಚಾರಿಸುತ್ತಾ ಬಂದಿದ್ದಾರೆ. ನಮ್ಮಲ್ಲೂ 2010ರಿಂದ ತಾಯಿ ಮರಣ ಪರಿಶೀಲನೆ ಇದೆ. ತಪ್ಪು ಹೊರಿಸುವುದು ಅದರ ಉದ್ದೇಶವಲ್ಲ. ಆದರೆ ಸಾವಾದ ಮೇಲಿನ ವಿಚಾರಣೆಗಿಂತ, ಬದುಕಿ ಉಳಿದವಳ ಕೇಸ್‌ಶೀಟ್ ಮುಂದಿಟ್ಟುಕೊಂಡು ಮಾತಾಡುವುದು ಎಷ್ಟೋ ಸುಲಭ. ಆ ಹುಡುಗಿ ಹೇಳುತ್ತಾ ಹೋದಂತೆ ಡ್ರಿಪ್ ಯಾವಾಗ ಹಾಕಿದ್ದು, 108ಕ್ಕೆ ಯಾವಾಗ ಫೋನ್ ಮಾಡಿದ್ದು, ಎಲ್ಲ ಹೊರಬರುತ್ತದೆ.

ಎರಡನೆಯ ವಿಷಯ ಇಷ್ಟು ಬೇಗ ಬಗೆಹರಿಯುವಂಥದ್ದಲ್ಲ. ಗೊಲ್ಲರಹಟ್ಟಿಯ ಒಬ್ಬ ಬಸುರಿಗೆ ದಿನ ತುಂಬಿದೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿಯನ್ನೂ ಕೂಸನ್ನೂ ಹಟ್ಟಿಯಾಚೆಯ ಗುಡಿಸಲಲ್ಲಿ ಇಡುವುದುಂಟು. 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅದು ಅಪರಾಧ.

"ಮೊದಲೇ ತಹಶೀಲ್ದಾರರಿಗೆ ತಿಳಿಸೋಣ," ಎನ್ನುತ್ತಾರೆ ಒಬ್ಬ ಎಎನ್‌ಎಂ. "ತುಮಕೂರು ಕಡೆ 2023ರಲ್ಲಿ ಕೂಸು ಹೋಗಿಲ್ವಾ?"

ಬಾಗಿಲ ಹತ್ತಿರದ ಆಶಾ ಅದೇ ಹಟ್ಟಿಯವಳು. "ಪೊಲೀಸ್ರು ಬಂದ್ ಹೋದ್ಮೇಲೆ ಆ ಹಟ್ಟೀಲಿ ಬದುಕ್ಬೇಕಾದೋಳು ನಾನಕ್ಕ. ಮುಂದಿನ ಬಸುರೀನ ನನಗೆ ತೋರ್ಸೋದೇ ಇಲ್ಲ. ಮನೆ ಯಜಮಾನಿ ಹತ್ರ ಮೊದ್ಲು ನಾನು ಮಾತಾಡ್ತೀನಿ."

"ಅಷ್ಟರಲ್ಲಿ ಕೂಸು ತಣ್ಣಗಾದ್ರೆ?"

"ಮೂರನೇ ದಿನ, ಏಳನೇ ದಿನ ಹೆಂಗೂ ಹೋಗ್ತೀನಲ್ಲ."

"ಮೂರನೇ ದಿನದವರೆಗೆ ಯಾರು ನೋಡ್ತಾರೆ?"

ಇದಕ್ಕೆ ಆಶಾ ಬಳಿ ಉತ್ತರವಿಲ್ಲ. ಕೇಳಿದವರ ಬಳಿಯೂ ಇಲ್ಲ. ಕೊನೆಗೆ, ಹೆರಿಗೆಯಾದ ಮೇಲೆ ಬಾಣಂತಿಯನ್ನು ಸಾಧ್ಯವಾದಷ್ಟು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವುದು, ಮನೆಗೆ ಹೋದ ದಿನದಿಂದ ಆಶಾ, ಎಎನ್‌ಎಂ ಇಬ್ಬರೂ ಥರ್ಮಾಮೀಟರ್ ಹಿಡಿದು ಹಟ್ಟಿಗೆ ಹೋಗುವುದು, ಕೂಸಿನ ಮೈ 36.5 ಡಿಗ್ರಿಗಿಂತ ಕೆಳಗಿದ್ದರೆ ಕಾಯದೆ ಕರೆತರುವುದು ಎಂದಾಗುತ್ತದೆ. ತಹಶೀಲ್ದಾರರ ವಿಷಯದಲ್ಲಿ ಒಮ್ಮತವಿಲ್ಲ. ವೈದ್ಯಾಧಿಕಾರಿ ರಿಜಿಸ್ಟರ್ ಎಳೆದುಕೊಂಡು, "ಎಲ್ಲರೂ ಒಪ್ಪಿದ್ರು ಅಂತ ಬರೀಲಾ?" ಎಂದು ಕೇಳುತ್ತಾರೆ.

"ಬ್ಯಾಡಿ ಸಾರ್," ಎನ್ನುತ್ತಾಳೆ ಆಶಾ. "ಅವರು ಹೇಳಿದ್ದೂ ಬರ್ಕಳ್ಳಿ, ನಾ ಹೇಳಿದ್ದೂ ಬರ್ಕಳ್ಳಿ. ಒಪ್ಪಿದ್ಲು ಅಂತ ಮಾತ್ರ ಬರೀಬ್ಯಾಡಿ."